ಎಡಕ್ಕೆ ಎಳೆದದ್ದು ನಾನು

ನಾನು ಒಂದು ಜೀಪು. ಸೇನೆಗೆಂದೇ ಹುಟ್ಟಿದ್ದು. ಕಾರ್ಖಾನೆಯ ಬಾಗಿಲು ದಾಟಿದ ದಿನ ನನ್ನ ಜೊತೆಗೆ ಇನ್ನೂ ಮೂವತ್ತು ಜೀಪುಗಳಿದ್ದವು. ಎಲ್ಲರ ಮೈಗೂ ಒಂದೇ ಹಸಿರು, ಎಲ್ಲರ ಮುಖದಲ್ಲೂ ಅದೇ ಗುಂಡು ಕಣ್ಣು. ಗುರುತಿಗೆ ಒಂದು ನಂಬರು ಮಾತ್ರ ಬೇರೆ. ಈಗ ನನಗೆ ಅರವತ್ತರ ಮೇಲಾಯಿತು. ಆದರೂ ಮೈ ಹೊಸದರಂತೆ ಹೊಳೆಯುತ್ತದೆ. ನೋಡಲು ಬಂದವರು ಬಾನೆಟ್ ಸವರಿ, "ಎಂಥಾ ನಂಬಿಗಸ್ತ ಗಾಡಿರೀ!" ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ನನ್ನನ್ನು ಓಡಿಸಿದ ಸಿಪಾಯಿಗಳಲ್ಲಿ ನೆನಪಿನಲ್ಲಿ ಉಳಿದವನು ಒಬ್ಬನೇ, ಬೆಳಗಾವಿ ಕಡೆಯ ಲಗಮಣ್ಣ. ಸೇನೆಯಲ್ಲಿ ಗಾಡಿ ಹೊರಡುವ ಮುನ್ನ ಪ್ರತಿ ಬೆಳಿಗ್ಗೆ ಅದರ ತಪಾಸಣೆ ಆಗಬೇಕು. ಅದಕ್ಕೆ ಫಸ್ಟ್ ಪರೇಡ್ ಎನ್ನುತ್ತಾರೆ. ಬೇರೆ ಚಾಲಕರು ಎಣ್ಣೆ, ನೀರು, ಗಾಳಿ ನೋಡಿ, ಕೆಳಗೊಮ್ಮೆ ಇಣುಕಿ ಮುಗಿಸುತ್ತಿದ್ದರು. ಲಗಮಣ್ಣ ಗೋಣಿಚೀಲ ಹಾಸಿಕೊಂಡು ನನ್ನ ಕೆಳಗೆ ಅಂಗಾತ ಮಲಗುತ್ತಿದ್ದ. ಸಣ್ಣ ಸುತ್ತಿಗೆಯಿಂದ ಒಂದೊಂದೇ ನಟ್ಟು ಬಡಿದು, ಸದ್ದು ಸರಿಯಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದ. ಅಷ್ಟು ಪ್ರೀತಿಯಿಂದ ನನ್ನನ್ನು ಬೇರೆ ಯಾರೂ ಮುಟ್ಟಿರಲಿಲ್ಲ.

ಅವನ ಹಿಂದೆ, ಎಡಗಡೆಯ ಸೀಟಿನಲ್ಲಿ, ವೈರ್‌ಲೆಸ್ ಪೆಟ್ಟಿಗೆ ತೊಡೆಗೆ ಒತ್ತಿಕೊಂಡು ಕೂರುತ್ತಿದ್ದವನು ಗುರಪ್ಪ. ಬೈಲಹೊಂಗಲ ಹತ್ತಿರದ ಹಳ್ಳಿಯವನು. ಇಬ್ಬರೂ ಒಂದೇ ಸೀಮೆಯವರಾದ್ದರಿಂದ ಊರ ಹರಟೆಗೆ ಬರವಿರಲಿಲ್ಲ. ಗುರಪ್ಪನಿಗೆ ಒಂದು ಅಭ್ಯಾಸವಿತ್ತು. ಕೂತು ಸಿದ್ಧನಾದ ಮೇಲೆ 'ನಡಿ' ಎಂದು ಬಾಯಲ್ಲಿ ಹೇಳುತ್ತಿರಲಿಲ್ಲ. ಮುಂದೆ ಬಾಗಿ, ಲಗಮಣ್ಣನ ಸೀಟಿನ ಕಬ್ಬಿಣದ ಚೌಕಟ್ಟಿಗೆ ಎರಡು ಬೆರಳಿನಿಂದ ಟಕ್, ಟಕ್ ಎಂದು ಬಡಿಯುತ್ತಿದ್ದ. ಆಮೇಲೇ ನಾನು ಹೊರಡಬೇಕು.

ಎಪ್ಪತ್ತೊಂದರ ಡಿಸೆಂಬರ್, ಯುದ್ಧದ ದಿನಗಳು. ನಾವು ಪಶ್ಚಿಮದ ಮರಳುಗಾಡಿನಲ್ಲಿದ್ದೆವು. ನೆಲದಲ್ಲಿ ಎಲ್ಲೆಲ್ಲೂ ಗಾಲಿ ಬಿದ್ದರೆ ಸಿಡಿಯುವ ಮೈನು ಹೂತಿದ್ದರು. ಮುಂದೆ ಹೋದ ಲಾರಿಯ ಗಾಲಿ ಜಾಡಿನಲ್ಲೇ ಹಿಂದಿನವರು ಹೋಗಬೇಕು, ಒಂದು ಗೇಣೂ ಆಚೀಚೆ ಸರಿಯಬಾರದು ಎಂದು ಹುಕುಂ ಇತ್ತು. ಮೂರು ದಿನದಿಂದ ಲಗಮಣ್ಣ ಕಣ್ಣು ಮುಚ್ಚಿರಲಿಲ್ಲ. ಆದರೂ ಅವತ್ತು ಮುಂಜಾನೆ ಫಸ್ಟ್ ಪರೇಡ್ ತಪ್ಪಿಸಲಿಲ್ಲ. ತಣ್ಣನೆಯ ಮರಳಿನ ಮೇಲೆ ಮಲಗಿ ಎಲ್ಲ ನಟ್ಟುಗಳನ್ನೂ ಬಡಿದು ನೋಡಿದ.

ಹೊರಟ ಸ್ವಲ್ಪ ಹೊತ್ತಿಗೆ ಒಂದು ಕಲ್ಲು ದಿಣ್ಣೆ ಹತ್ತಿ ಇಳಿಯುವಾಗ ನನ್ನೊಳಗೆ ಏನೋ ಮುರಿಯಿತು. ಮುಂದಿನ ಎಡಗಡೆಯ ಸ್ಪ್ರಿಂಗ್ ಪಟ್ಟಿಗಳನ್ನು ಆಕ್ಸಲ್ ಮೇಲೆ ಅಲುಗಾಡದಂತೆ ಹಿಡಿದಿಡುವ ನಡುವಿನ ಬೋಲ್ಟು ಅದು. ಬೆರಳಿನಷ್ಟು ಉದ್ದ. ಅದು ಹೋದ ಮೇಲೆ ಆಕ್ಸಲಿನ ಎಡತುದಿ ಕೂದಲೆಳೆ ಕೂದಲೆಳೆಯಾಗಿ ಹಿಂದಕ್ಕೆ ಸರಿಯತೊಡಗಿತು. ನಾನು ಎಡಕ್ಕೆ ಎಳೆಯತೊಡಗಿದೆ. ನನಗೆ ಗೊತ್ತಾಗುತ್ತಿತ್ತು, ಹೇಳಲು ಬಾಯಿರಲಿಲ್ಲ.

"ಯಾಕೋ ಎಡಕ್ಕ ಎಳ್ಯಾಕತ್ತೈತಿ," ಎಂದ ಲಗಮಣ್ಣ.

"ಗಾಡಿಗೇನೂ ಆಗಿಲ್ಲೋ. ನಿನ್ನ ಕೈಯಾಗ ನಿದ್ದಿ ಕುಂತೈತಿ," ಎಂದು ಗುರಪ್ಪ ನಕ್ಕ.

ಒಂದು ತಾಸು ಲಗಮಣ್ಣ ನನ್ನನ್ನು ಬಲಕ್ಕೆ ಜಗ್ಗಿ ಹಿಡಿದುಕೊಂಡೇ ಬಂದ. ಆಮೇಲೆ ಆಕ್ಸಲ್ ಒಮ್ಮೆಲೇ ಜಾರಿತು. ನಾನು ಜಾಡು ಬಿಟ್ಟು ಎರಡು ಗೇಣು ಎಡಕ್ಕೆ ಹೋದೆ. ಮುಂದಿನ ಗಾಲಿ ಹೇಗೋ ಪಾರಾಯಿತು. ಹಿಂದಿನ ಎಡಗಾಲಿ ಪಾರಾಗಲಿಲ್ಲ.

ಲಗಮಣ್ಣ ಮರಳಿನ ಮೇಲೆ ಹೋಗಿ ಬಿದ್ದ. ಬದುಕಿದ. ಗುರಪ್ಪನ ಸೀಟು ಇರಲಿಲ್ಲ, ಗುರಪ್ಪನೂ ಇರಲಿಲ್ಲ.

ವಿಚಾರಣೆಯಲ್ಲಿ ಚಾಲಕ ಜಾಡು ತಪ್ಪಿದ ಎಂದು ಬರೆದರು. ಮುರಿದ ಬೋಲ್ಟು ಕಣ್ಣಿಗೆ ಬಿದ್ದಾಗ, ಸಿಡಿತದ ಹೊಡೆತಕ್ಕೆ ಮುರಿದಿದೆ ಎಂದುಕೊಂಡರು. ಲಗಮಣ್ಣ ಎದುರು ಮಾತಾಡಲಿಲ್ಲ. ತನಗೆ ಒಂದು ಗಳಿಗೆ ಜೊಂಪು ಹತ್ತಿತ್ತು ಎಂದು ಅವನೇ ನಂಬಿಬಿಟ್ಟಿದ್ದ. ವರ್ಕ್‌ಶಾಪಿನಲ್ಲಿ ನನ್ನ ಹಿಂಭಾಗವನ್ನು ಹೊಸದಾಗಿ ಕಟ್ಟಿದರು, ಹೊಸ ಬೋಲ್ಟು ಹಾಕಿದರು, ಒಳಗೂ ಹೊರಗೂ ಹಸಿರು ಬಳಿದರು. ಚಾಲಕನ ಸೀಟಿನ ಚೌಕಟ್ಟು ಮಾತ್ರ ಹಳೆಯದೇ ಉಳಿಯಿತು. ಬೇರೆ ಚಾಲಕನ ಕೈಯಲ್ಲಿ ಮತ್ತೆ ರಸ್ತೆಗೆ ಇಳಿದ ಮೊದಲ ದಿನ ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಆದರೂ ಎಂಜಿನ್ ಶುರುವಾದ ಕೂಡಲೇ ಆ ಚೌಕಟ್ಟಿನ ಮೇಲೆ ಸದ್ದು ಬಿತ್ತು. ಟಕ್, ಟಕ್.

ಕೆಲವು ವರ್ಷಕ್ಕೆ ಸೇನೆ ನನ್ನನ್ನು ಹರಾಜಿಗೆ ಹಾಕಿತು. ಗೋಕಾಕ ಕಡೆಯ ಕಲ್ಲು ಕ್ವಾರಿಯಲ್ಲಿ ದುಡಿದೆ. ಮೂರು ಚುನಾವಣೆಗಳಲ್ಲಿ ಮೈಕು ಹೊತ್ತು ಮೂರು ಪಕ್ಷಗಳಿಗೂ ಜೈ ಎಂದೆ, ಒಂದೊಂದಕ್ಕೆ ಒಂದೊಂದು ಬಣ್ಣ ಬಳಿಸಿಕೊಂಡೆ. ಎಲ್ಲಿಗೆ ಹೋದರೂ, ಎಂಜಿನ್ ಶುರುವಾದಾಗ ನನಗೆ ಮಾತ್ರ ಕೇಳುವ ಆ ಸದ್ದು ತಪ್ಪಲಿಲ್ಲ. ಎಷ್ಟೇ ನೂಕುನುಗ್ಗಲಿದ್ದರೂ ಎಡಗಡೆಯ ಹಿಂದಿನ ಸೀಟಿನಲ್ಲಿ ಯಾರೂ ಬಹಳ ಹೊತ್ತು ಕೂರುತ್ತಿರಲಿಲ್ಲ. ಕೂತವರು ಏನೋ ಚಳಿ ಎಂದು ಸರಿದುಕೊಳ್ಳುತ್ತಿದ್ದರು. ಕೊನೆಗೆ ಒಂದು ಹತ್ತಿ ಮಿಲ್ಲಿನ ಶೆಡ್ಡಿಗೆ ತಳ್ಳಿಬಿಟ್ಟರು. ಕೋಳಿಗಳು ಬಾನೆಟ್ಟಿನ ಕೆಳಗೆ ಮೊಟ್ಟೆ ಇಟ್ಟವು, ಮುಂದಿನ ಸೀಟಿನಲ್ಲೂ ಇಟ್ಟವು. ಹಿಂದಿನ ಎಡಗಡೆಯ ಆ ಮೂಲೆಯಲ್ಲಿ ಒಂದೂ ಇಡಲಿಲ್ಲ.

ಅಲ್ಲಿಂದ ನನ್ನನ್ನು ಎಬ್ಬಿಸಿದವರು ಬೆಳಗಾವಿಯ ಹಲ್ಲಿನ ಡಾಕ್ಟರು ಪ್ರಮೋದ ಹಂಜಿ. ಹಳೆಯ ಸೈನ್ಯದ ಗಾಡಿಗಳನ್ನು ಹುಡುಕಿ ತಂದು ಮೊದಲಿನಂತೆ ಮಾಡುವುದು ಅವರ ಹುಚ್ಚು. ಕೆಲಸಕ್ಕೆ ಮಕ್ತುಮ್ ಮಿಸ್ತ್ರಿ ಇದ್ದ, ಜೀಪುಗಳ ಕೆಳಗೆ ಮಲಗಿಯೇ ಗಡ್ಡ ನೆರೆಸಿಕೊಂಡವನು. ಡಾಕ್ಟರು ಹಲ್ಲು ಕೆರೆಯುವ ಸಲಾಕೆಯಿಂದ ನನ್ನ ಬಣ್ಣವನ್ನು ಪದರ ಪದರವಾಗಿ ಕೆರೆದರು. ಏಳು ಬಣ್ಣಗಳ ಕೆಳಗೆ ನನ್ನ ಹಳೆಯ ನಂಬರು ಸಿಕ್ಕಿದ ದಿನ ಹಬ್ಬದೂಟ ಹಾಕಿಸಿದರು. ಸವೆದ ಭಾಗ ಸಿಕ್ಕಿದರೆ ಹಲ್ಲಿನ ಅಚ್ಚು ತೆಗೆಯುವ ಹಾಗೆ ಮೇಣ ಒತ್ತಿ, ಪ್ಲಾಸ್ಟರಿನಲ್ಲಿ ಅದರ ಅಚ್ಚು ಎರೆದು, ಚೀಟಿ ಅಂಟಿಸಿ ದವಾಖಾನೆಯ ಕಪಾಟಿನಲ್ಲಿ ಇಡುತ್ತಿದ್ದರು. ರೋಗಿಗಳ ದವಡೆಗಳ ಪಕ್ಕದಲ್ಲಿ ನನ್ನ ಗಾಯಗಳೂ ಸಾಲಾಗಿ ಕೂತವು.

ಮುಂದಿನ ಆಕ್ಸಲಿನ ಎಡತುದಿ ಬಿಚ್ಚಿದ ದಿನ ಮಕ್ತುಮ್ ಕರೆದ. "ಡಾಕ್ಟರ್ ಸಾಹೇಬ್ರ, ಬೋಲ್ಟ್ ಕುಂದ್ರೂ ತೂತಿನ ಅಂಚು ನೋಡ್ರಿ. ಹಿಂದಕ್ಕ ಉಜ್ಜಿದ ಗೀರು ಐತಿ."

ಡಾಕ್ಟರು ಎಂದಿನಂತೆ ಅಚ್ಚು ತೆಗೆದುಕೊಂಡರು. ಆಮೇಲೆ, "ಯಾವಾಗೋ ಆಗಿರತೈತಿ ಬಿಡು. ವೆಲ್ಡಿಂಗ್ ತುಂಬಿ ಸಾಪ್ ಉಜ್ಜು. ಕಾರ್ಖಾನಿಯಿಂದ ಬಂದಂಗ ಕಾಣಬೇಕು," ಎಂದರು.

ಮಕ್ತುಮ್ ಉಜ್ಜಿದ. ನನ್ನ ತಪ್ಪಿಗಿದ್ದ ಒಂದೇ ಸಾಕ್ಷಿ ಕಿಡಿಗಳಾಗಿ ಹಾರಿ ಹೋಯಿತು. ನಾನು ಚೊಕ್ಕವಾದೆ. ಆ ಚೊಕ್ಕತನ ನನಗೆ ಬೇಡವಾಗಿತ್ತು.

ಡಾಕ್ಟರು ಮಾಜಿ ಸೈನಿಕರ ಸಂಘದ ಗೋಡೆಗೆ ನನ್ನ ಫೋಟೋ ಅಂಟಿಸಿದ್ದರು. ಈ ನಂಬರಿನ ಜೀಪು ಓಡಿಸಿದವರಿದ್ದರೆ ತಿಳಿಸಿ ಎಂದು ಅಡಿಯಲ್ಲಿ ಬರೆದಿದ್ದರು. ಒಂದು ಮಧ್ಯಾಹ್ನ ಎಪ್ಪತ್ತೈದು ದಾಟಿದ ಮುದುಕನೊಬ್ಬ ನಡೆದುಕೊಂಡು ಬಂದ. ಬಂದವನೇ ಕೋಲು ಬದಿಗಿಟ್ಟು, ಮಂಡಿಯೂರಿ ನನ್ನ ಕೆಳಗೆ ಇಣುಕಿದ. ಅಷ್ಟು ಸಾಕಾಯಿತು, ಲಗಮಣ್ಣ ಎಂದು ನನಗೆ ಗುರುತು ಹತ್ತಿತು.

"ಕುಂದರ್ರೀ ಅಜ್ಜಾರ, ಸ್ಟೇರಿಂಗ್ ಹಿಡೀರಿ, ಫೋಟೋ ತಗಿತೀನಿ," ಎಂದರು ಡಾಕ್ಟರು.

"ಬ್ಯಾಡ್ರೀ. ಆವತ್ತಿನಿಂದ ನಾ ಯಾವ ಗಾಡೀನೂ ಹೊಡದಿಲ್ಲ," ಎಂದ ಲಗಮಣ್ಣ. ನಿಂತಲ್ಲೇ ಎಲ್ಲ ಹೇಳಿದ. ಗುರಪ್ಪನ ತಂಗಿ ಕಸ್ತೂರೆವ್ವ ಒಂದು ಕಾಗದ ಬರೆಸಿದ್ದಳಂತೆ. ಅಣ್ಣ ಹೇಗೆ ಹೋದ ಎಂದು ಒಂದೇ ಮಾತು ಕೇಳಿದ್ದಳಂತೆ. "ಐವತ್ತು ವರ್ಷ ಆತು. ಉತ್ತರ ಬರೀಲಿಲ್ಲ, ಆ ಊರ ಹಾದೀನೂ ತುಳೀಲಿಲ್ಲ. ಏನಂತ ಹೋಗ್ಲಿ? ನಿದ್ದಿಗಣ್ಣಾಗ ಎಡಕ್ಕ ಹೋಗಿ ನಿನ್ನ ಅಣ್ಣನ್ನ ಕೊಂದೆ ಅಂತ ಹೇಳಲೇನು?"

'ಎಡಕ್ಕ' ಎಂಬ ಮಾತಿಗೆ ಮಕ್ತುಮ್ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. "ಸಾಹೇಬ್ರ, ಆ ಅಚ್ಚು ಎಲ್ಲೈತಿ?"

ಡಾಕ್ಟರು ದವಾಖಾನೆಗೆ ಓಡಿದರು. ತಂದ ಪ್ಲಾಸ್ಟರಿನ ತುಂಡನ್ನು ಮಕ್ತುಮ್ ಲಗಮಣ್ಣನ ಅಂಗೈಯಲ್ಲಿ ಇಟ್ಟ. ಮೇಣದ ಜೊತೆ ಕಿತ್ತು ಬಂದ ಹಸಿರು ಬಣ್ಣದ ಒಂದು ಚಕ್ಕೆ ಅದಕ್ಕೆ ಅಂಟಿಕೊಂಡಿತ್ತು.

"ಇದು ಮಿಲಿಟರಿ ಹಸರು. ಗೀರಿನ ಒಳಗ ಇತ್ತು. ಅಂದ್ರ ಗೀರು ನಿಮ್ಮ ಕಾಲದ್ದು. ಮೈನಿಗೆ ಬೋಲ್ಟ್ ಮುರದಿದ್ರ ಒಂದ ಏಟಿಗೆ ಮುರೀತಿತ್ತು, ಹಿಂಗ ಉಜ್ಜತಿರಲಿಲ್ಲ. ಮೊದಲ ಮುರದು, ಓಡಿ ಓಡಿ ಉಜ್ಜೈತಿ. ಗಾಡಿ ಎಳದೈತ್ರಿ ಅಜ್ಜಾರ. ನೀವು ಹೋಗಿಲ್ಲ."

ಲಗಮಣ್ಣ ಹೆಬ್ಬೆರಳಿನಿಂದ ಆ ಗೆರೆಯನ್ನು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ. "ಫಸ್ಟ್ ಪರೇಡ್‌ನ್ಯಾಗ ಇದು ನನಗ ಕಾಣಬೇಕಿತ್ತೇನು?"

"ಅವಾಗಿನ್ನೂ ಮುರದಿತ್ತೋ ಇಲ್ಲೋ. ಮುರದಿದ್ರೂ ಸ್ಪ್ರಿಂಗ್ ಬಿಚ್ಚದ ದೇವರಿಗೂ ಕಾಣಂಗಿಲ್ರಿ."

ಮುದುಕ ನನ್ನ ಮಡ್‌ಗಾರ್ಡಿಗೆ ಹಣೆ ಹಚ್ಚಿ ಅತ್ತ. ಅವನ ಬಿಸಿ ಉಸಿರು ನನ್ನ ಹೊಸ ಬಣ್ಣದ ಮೇಲೆ ಮಂಜಾಯಿತು. ನಾನು ಏನು ಮಾಡಲಿ? ನನಗೆ ಅಳಲೂ ಬರುವುದಿಲ್ಲ.

ಮುಂದಿನ ಭಾನುವಾರ ಹಳೆಯ ಗಾಡಿಗಳ ಮೆರವಣಿಗೆಯಿತ್ತು. ಡಾಕ್ಟರು ಅದನ್ನು ಬಿಟ್ಟು, ಲಗಮಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನನ್ನು ಬೈಲಹೊಂಗಲದ ಕಡೆ ತಿರುಗಿಸಿದರು. ಕಸ್ತೂರೆವ್ವನ ಹೊಲಮನೆಯ ಮಣ್ಣುರಸ್ತೆ ಬಂದಾಗ ಇಳಿದು ಸ್ಟೇರಿಂಗ್ ಬಿಟ್ಟುಕೊಟ್ಟರು. ಲಗಮಣ್ಣ ಐವತ್ತು ವರ್ಷದ ಮೇಲೆ ಸ್ಟೇರಿಂಗ್ ಹಿಡಿದ. ಎತ್ತಿನ ಗಾಡಿಯ ಜಾಡು ಹಿಡಿದು, ಒಂದು ಗೇಣೂ ತಪ್ಪದೆ ಅಂಗಳದವರೆಗೆ ಓಡಿಸಿದ.

ಕಸ್ತೂರೆವ್ವ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಲಗಮಣ್ಣ ಅಚ್ಚನ್ನು ಅವಳ ಕೈಗಿಟ್ಟು ಎಲ್ಲವನ್ನೂ ಹೇಳಿದ. ಅವಳು ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟಳು.

"ಇದು ಸಿಗೂತನಕ ಯಾಕ ಕಾಯ್ದಿ? ನಿಂದ ತಪ್ಪಿದ್ರೂ ಬರಬೇಕಿತ್ತು. ಅಣ್ಣನ ಕಡೀ ದಿನ ನೋಡಿದಾಂವ ನೀ ಒಬ್ಬನ ಇದ್ದಿ," ಎಂದಳು. ಲಗಮಣ್ಣ ತಲೆ ತಗ್ಗಿಸಿದ. ಅವಳೇ ಮತ್ತೆ ಕೇಳಿದಳು. "ಎಲ್ಲಿ ಕುಂದರ್ತಿದ್ದ?"

ಅವನು ತೋರಿಸಿದ. ಸೆರಗು ಸಿಕ್ಕಿಸಿಕೊಂಡು ಅವಳು ಹಿಂದಿನ ಎಡಸೀಟಿಗೆ ಹತ್ತಿ ಕೂತಳು. ಚಳಿ ಎನ್ನಲಿಲ್ಲ. ಲಗಮಣ್ಣ ಎಂಜಿನ್ ಶುರು ಮಾಡಿದ. ಆಗ ಚೌಕಟ್ಟಿನ ಮೇಲೆ ಎರಡು ಬೆರಳು ಬಿದ್ದವು. ಟಕ್, ಟಕ್.

ಅವನ ಕಾಲು ಕ್ಲಚ್ಚಿನಿಂದ ಜಾರಿತು. ನಾನು ಜಗ್ಗಿ ನಿಂತೆ.

"ಯವ್ವಾ... ಇದನ್ನ ನಿನಗ ಯಾರು ಹೇಳಿದ್ರು?"

"ಯಾರು ಹೇಳಬೇಕು? ಸಣ್ಣವರಿದ್ದಾಗ ಎತ್ತಿನ ಚಕ್ಕಡಿಯಾಗ ಅಪ್ಪನ ಹಿಂದ ಕುಂತು ಹಿಂಗ ಬಡೀತಿದ್ವಿ, ನಾನೂ ಅಣ್ಣಾನೂ. ಕುಂತೀವಿ, ಇನ್ನ ಹೊಡಿ ಅಂತ."

ಈಗ ನಾನು ಡಾಕ್ಟರ ಶೆಡ್ಡಿನಲ್ಲಿದ್ದೇನೆ. ಭಾನುವಾರ ಲಗಮಣ್ಣ ಬರುತ್ತಾನೆ. ಮಲಗಲು ಆಗದು, ಸ್ಟೂಲಿನ ಮೇಲೆ ಕೂತು ಕೈಗೆಟುಕಿದ ನಟ್ಟುಗಳನ್ನು ಸುತ್ತಿಗೆಯಿಂದ ಬಡಿಯುತ್ತಾನೆ. ತಿಂಗಳಿಗೊಮ್ಮೆ ಕಸ್ತೂರೆವ್ವನ ಊರಿಗೆ ಹೋಗಿ ರೊಟ್ಟಿ ಉಂಡು ಬರುತ್ತಾನೆ. ಅವನ ಬೆನ್ನು ನೆಟ್ಟಗಾಗಿದೆ. ನನಗೆ ಸಂತೋಷವೇ.

ಆದರೆ ಅಂದಿನಿಂದ ನನ್ನ ಹಿಂದಿನ ಸೀಟು ಬರಿದಾಗಿದೆ. ಯಾರು ಬೇಕಾದರೂ ಕೂರುತ್ತಾರೆ, ಎಷ್ಟು ಹೊತ್ತು ಬೇಕಾದರೂ ಕೂರುತ್ತಾರೆ. ಎಂಜಿನ್ ಶುರುವಾದಾಗಲೆಲ್ಲ ನಾನು ಆ ಎರಡು ಬೆರಳಿಗೆ ಕಾಯುತ್ತೇನೆ, ಸದ್ದಿಲ್ಲ. ಐವತ್ತು ವರ್ಷ ನನ್ನ ಮೇಲೆ ಕೂತೇ ಇದ್ದ ಗುರಪ್ಪ, ತಂಗಿಯ ಅಂಗಳದಲ್ಲಿ ಇಳಿದುಬಿಟ್ಟ. ನನ್ನನ್ನು ಕ್ಷಮಿಸಿ ಇಳಿದನೋ, ಕ್ಷಮಿಸದೆ ಇಳಿದನೋ, ಹೇಳಿ ಹೋಗಲಿಲ್ಲ.