ಸುಳ್ಳು ಪೇಷೆಂಟಿನ ಸೊಸೆ

ನನ್ನ ಕೆಲಸ ಹೊಟ್ಟೆನೋವು ಬರಿಸಿಕೊಳ್ಳುವುದು. ಕೆಲವು ದಿನ ಎದೆನೋವು, ಕೆಲವು ದಿನ ತಲೆಸುತ್ತು. ಡಾಕ್ಟರಾಗಲು ಓದುವ ಮಕ್ಕಳು ನಿಜವಾದ ರೋಗಿಗಳ ಹತ್ತಿರ ಹೋಗುವ ಮೊದಲು ನಮ್ಮಂಥವರ ಮುಂದೆ ಕೂತು ಮಾತಾಡಿ ಅಭ್ಯಾಸ ಮಾಡುತ್ತಾರೆ. ಯಾವ ಕಾಯಿಲೆ, ಎಲ್ಲಿ ಒತ್ತಿದರೆ ಮುಖ ಹಿಂಡಬೇಕು ಎಂಬುದನ್ನೆಲ್ಲ ಮೆಡಿಕಲ್ ಕಾಲೇಜಿನ ಮೇಡಂ ಮೊದಲೇ ಹೇಳಿಕೊಟ್ಟಿರುತ್ತಾರೆ. ನಾವು ಅಷ್ಟೇ ನರಳಬೇಕು. ಉಮೇದು ಬಂದು ಒಂದು ನರಳಿಕೆ ಜಾಸ್ತಿ ಹಾಕಿದರೆ ಮೇಡಂ ಕಣ್ಣು ಬಿಡುತ್ತಾರೆ.

ಮನೆಯಲ್ಲಿ ಈ ಕೆಲಸಕ್ಕೆ ಸುಳ್ಳು ಪೇಷೆಂಟ್ ಅಂತ ಹೆಸರು. ಮಗ ಲಿಫ್ಟ್ ರಿಪೇರಿಯವನು. ಬೆಳಿಗ್ಗೆ ಸ್ಪ್ಯಾನರುಗಳ ಚೀಲ ಹೆಗಲಿಗೇರಿಸುತ್ತಾ ತಪ್ಪದೆ ಕೇಳುತ್ತಾನೆ.

"ಅಮ್ಮಾ, ಇವತ್ತೇನು ಕಾಯಿಲೆ?"

"ಪಿತ್ತಕೋಶದಲ್ಲಿ ಕಲ್ಲು."

"ಮೊನ್ನೆ ಆ ಕಲ್ಲು ಇನ್ನೂ ಕೆಳಗೆ ಕಿಡ್ನಿಯಲ್ಲಿತ್ತಲ್ಲ?"

"ನಿನ್ನ ಲಿಫ್ಟ್ ಹತ್ತಿಕೊಂಡು ಮೇಲೆ ಬಂತು ಕಣೋ. ಅದೊಂದು ದಿನ ಕೆಟ್ಟಿರಲಿಲ್ಲವಂತೆ."

ನನ್ನ ಜೊತೆ ಅಲ್ಲಿ ಕಾಯಿಲೆ ಬೀಳುವವರಲ್ಲಿ ಒಬ್ಬರು ಕಂಡಕ್ಟರು. ಬಸ್ಸಿನಿಂದ ನಿವೃತ್ತರಾಗಿ ಎಷ್ಟೋ ಕಾಲವಾದರೂ ಎಲ್ಲರೂ ಕಂಡಕ್ಟರೇ ಎಂದೇ ಕರೆಯುತ್ತೇವೆ. ಕೆಮ್ಮು, ಉಬ್ಬಸ ಅವರ ಪಾಲಿನವು. ಅವರ ಕನ್ನಡಕದ ಒಂದು ಕಡ್ಡಿ ಸಡಿಲ. ಅದು ಜಾರಿ ಜಾರಿ ಮೂಗಿನ ತುದಿಗೆ ಬರುತ್ತದೆ, ಅವರು ಹೆಬ್ಬೆರಳಿನಿಂದ ಗಾಜನ್ನೇ ಒತ್ತಿ ಮೇಲೆ ತಳ್ಳುತ್ತಾರೆ. ಹಾಗಾಗಿ ಗಾಜಿನ ತುಂಬ ಬೆರಳಚ್ಚು.

"ಸ್ವಲ್ಪ ಒರೆಸ್ಕೋಬಾರ್ದಾ ಕಂಡಕ್ಟರೇ?" ಎಂದರೆ, "ಯಾಕಮ್ಮ? ಇದರಲ್ಲಿ ನೋಡಿದ್ರೆ ಎಲ್ಲರೂ ಚೆನ್ನಾಗೇ ಕಾಣ್ತಾರೆ, ನೀವೂ ಸೇರಿ" ಎನ್ನುತ್ತಾರೆ.

ಈಗ ನನ್ನ ಸೊಸೆಯ ವಿಷಯ. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಹಿಂದಿನ ಕತ್ತಲೆ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ಮೂಗಿನ ಮೇಲೆ ಕಬ್ಬಿಣದ ಚೌಕಟ್ಟಿಟ್ಟು, ಒಂದೊಂದೇ ಗಾಜಿನ ಬಿಲ್ಲೆ ಬದಲಾಯಿಸುತ್ತಾ "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುತ್ತಾಳೆ. ಮುದುಕರು ಇದು ಎನ್ನುತ್ತಾರೆ, ಅಲ್ಲ ಅದು ಎನ್ನುತ್ತಾರೆ, ಇನ್ನೊಂದು ಸಲ ತೋರಿಸಮ್ಮ ಎನ್ನುತ್ತಾರೆ. ಅವಳು ಗೊಣಗುವವಳಲ್ಲ. ಅವರು ಯೋಚಿಸುವಷ್ಟು ಹೊತ್ತು ಕೈಯಲ್ಲಿರುವ ಬಿಲ್ಲೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾ ನಿಂತಿರುತ್ತಾಳೆ. ಅದು ಮೊದಲೇ ಶುಭ್ರವಾಗಿರುತ್ತದೆ, ಆದರೂ ಒರೆಸುತ್ತಾಳೆ.

ಅವಳಿಗೆ ಡಾಕ್ಟರಾಗುವ ಆಸೆ ಚಿಕ್ಕಂದಿನದು. ಮದುವೆ, ಕೆಲಸ ಎಲ್ಲದರ ಅಡಿಯಲ್ಲಿ ಅದು ಹಾಗೇ ಕೂತಿತ್ತು. ಮೂವತ್ತು ದಾಟಿದ ಮೇಲೆ ಒಂದು ದಿನ ಅಡುಗೆಮನೆಯಲ್ಲಿ ಬಾಯಿಬಿಟ್ಟಳು. "ನಗಬೇಡಿ ಅತ್ತೆ" ಎಂದು ಮುನ್ನುಡಿ ಹಾಕಿದಳು. ನಾನೇಕೆ ನಗಲಿ? ಹಗಲೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ, ಸಂಜೆ ರಾತ್ರಿಶಾಲೆಯ ಬೆಂಚಿನಲ್ಲಿ ಮಂಡಿ ಮಡಚಿ ಕೂತು ಅ ಆ ತಿದ್ದಿದವಳು ನಾನು. ಆಗ ನನ್ನ ಮಗನಿಗೆ ಮೀಸೆ ಬಂದಿತ್ತು.

"ನಮ್ಮ ಕಾಲೇಜಿನ ಪ್ರವೇಶ ಪರೀಕ್ಷೆ ಬರೆಯೇ" ಎಂದೆ. ಬರೆದಳು. ಬರವಣಿಗೆಯ ಪರೀಕ್ಷೆ ಸಲೀಸಾಗಿ ಪಾಸಾಯಿತು. ಉಳಿದದ್ದು ಸಂದರ್ಶನ. ಅದರಲ್ಲಿ ನಮ್ಮಂಥ ಒಬ್ಬ ಸುಳ್ಳು ಪೇಷೆಂಟಿನ ಜೊತೆ ಮಾತಾಡಿಸಿ ನೋಡುತ್ತಾರೆ.

ಸಂದರ್ಶನದ ದಿನ ಸಂಜೆ ಅವಳು ಮೆಟ್ಟಿಲು ಹಾರಿಕೊಂಡೇ ಬಂದಳು. "ಅತ್ತೆ, ಆ ಅಜ್ಜಿ ಮೂರನೇ ಮಾತಾಡೋದ್ರೊಳಗೆ ನಂಗೆ ಗೊತ್ತಾಗ್ಹೋಯ್ತು, ಏನು ಕಾಯಿಲೆ ಅಂತ! ಹೇಳೇಬಿಟ್ಟೆ. ಅವರಿಗೆ ಮಾತೇ ಹೊರಡಲಿಲ್ಲ!"

ಕೆಲಸ ಕೆಟ್ಟಿತು ಅಂದುಕೊಂಡೆ.

ಕಾರಣ ಇಷ್ಟೇ. ನಮಗೆ ಹೇಳಿಕೊಡುವಾಗ ಪ್ರತಿಯೊಬ್ಬರಿಗೂ ಎರಡು ವಿಷಯ ಕೊಡುತ್ತಾರೆ. ಒಂದು, ಕೇಳಿದ ಕೂಡಲೇ ಹೇಳಬೇಕಾದದ್ದು. ಇನ್ನೊಂದು, ಹೊಟ್ಟೆಯೊಳಗೇ ಇಟ್ಟುಕೊಳ್ಳಬೇಕಾದದ್ದು. ಎದುರಿಗಿರುವವರು ಪ್ರಶ್ನೆ ನಿಲ್ಲಿಸಿ, ಅವಸರ ಮಾಡದೆ, ನಮಗೊಂದಿಷ್ಟು ಜಾಗ ಬಿಟ್ಟು ಸುಮ್ಮನೆ ಕೂತರೆ ಮಾತ್ರ ಅದನ್ನು ಹೊರಗೆ ಬಿಡಬೇಕು. ಪ್ರಶ್ನೆಯ ಮೇಲೆ ಪ್ರಶ್ನೆ ಹೇರಿದರೆ ಅದು ಒಳಗೇ ಉಳಿಯುತ್ತದೆ. ಸಂದರ್ಶನದವರು ನೋಡುವುದು ಅದನ್ನೇ. ಅಲ್ಲಿ ಕಲಿತದ್ದು ಆ ಬಾಗಿಲು ದಾಟಬಾರದು ಎಂದು ಮೇಡಂ ನಮ್ಮೆಲ್ಲರಿಂದ ಮಾತು ತೆಗೆದುಕೊಂಡಿದ್ದರು. ನಾನೂ ಕೊಟ್ಟಿದ್ದೆ.

ಆಯ್ಕೆಯಾಗಿಲ್ಲ ಎಂದು ತಿಳಿಯಿತು. ಆ ಕಾಲೇಜಿನಲ್ಲಿ ಒಬ್ಬರಿಗೆ ಎರಡೇ ಸಲ ಅವಕಾಶ. ಇನ್ನು ಉಳಿದದ್ದು ಒಂದು.

ಸೊಸೆ ಅಳಲಿಲ್ಲ. ಪುಸ್ತಕಗಳನ್ನೆಲ್ಲ ಬೀರುವಿನ ತಲೆಯ ಮೇಲೆ ಒಟ್ಟಿದಳು. "ಎಲ್ಲ ಸರಿಯಾಗಿ ಹೇಳಿದ್ದೆ ಅತ್ತೆ. ಸರಿಯಾಗಿ ಹೇಳಿಯೂ ಬೇಡ ಅಂದ್ರೆ ಇನ್ನೇನು ತಿದ್ದಿಕೊಳ್ಳಲಿ? ನಂಗೆ ಬೇಡ ಇನ್ನು" ಎಂದಳು. ಏನು ತಿದ್ದಿಕೊಳ್ಳಬೇಕು ಎಂದು ಬಲ್ಲವಳು ಅವಳ ಎದುರಿಗೇ ಬಟಾಣಿ ಬಿಡಿಸುತ್ತಾ ಕೂತಿದ್ದೆ.

ನಾನು ಒತ್ತಾಯ ಮಾಡಲಿಲ್ಲ. ಬೀರುವಿನ ತಲೆಯನ್ನು ಮಾತ್ರ ಒರೆಸುವುದು ಬಿಟ್ಟೆ. ತಿಂಗಳುಗಟ್ಟಲೆ ಧೂಳು ಕೂತಿತು. ಆಮೇಲೊಂದು ರಜೆಯ ದಿನ, "ನನ್ನ ಕೈ ಎಟುಕಲ್ಲ, ಸ್ವಲ್ಪ ಒರೆಸ್ತೀಯೇನೇ?" ಎಂದೆ. ಸ್ಟೂಲು ಹತ್ತಿದಳು. ಒಂದು ಪುಸ್ತಕದ ಧೂಳು ಕೊಡವಿದಳು, ತೆರೆದಳು. ಅರ್ಧ ಗಂಟೆ ಬಿಟ್ಟು ನೋಡಿದರೆ ಧೂಳುಬಟ್ಟೆ ನೆಲದ ಮೇಲೆ, ಅವಳು ಸ್ಟೂಲಿನ ಮೇಲೇ ಕೂತು ಪುಟ ತಿರುಗಿಸುತ್ತಿದ್ದಾಳೆ. ಪಕ್ಕದಲ್ಲಿ ಚಹಾ ಇಟ್ಟು ಸದ್ದಿಲ್ಲದೆ ಬಂದೆ.

ಆ ವಾರವೇ ಮತ್ತೆ ಅರ್ಜಿ ಹಾಕಿದಳು. ಮಗನಿಗೆ ಆಡಿಕೊಳ್ಳಲು ಸಿಕ್ಕಿತು. "ಪ್ರಶ್ನೆಪತ್ರಿಕೆ ಮನೇಲೇ ಕೂತು ಚಹಾ ಕುಡೀತಿದೆ. ನೀನು ಪುಸ್ತಕದಲ್ಲಿ ಏನು ಹುಡುಕ್ತಿದೀಯ?"

"ನಿಮ್ಮಮ್ಮನ ಬಾಯಿ ತೆಗೆಸೋಕೆ ಸ್ಪ್ಯಾನರ್ ಇದ್ರೆ ಕೊಡಿ" ಎಂದಳು ಸೊಸೆ. ಆಮೇಲೆ ನನ್ನ ಕಡೆ ತಿರುಗಿದಳು. "ಏನು ನೋಡ್ತಾರೆ ಅಂತ ಹೇಳಬೇಡಿ ಅತ್ತೆ. ಸುಮ್ನೆ ಪೇಷೆಂಟಾಗಿ ಕೂತ್ಕೊಳ್ಳಿ. ನಾನು ಮಾತಾಡಿಸ್ತೀನಿ."

ಮೇಡಂ ಅವರನ್ನು ಕೇಳಿದೆ. ಇಲ್ಲಿನ ಕಾಯಿಲೆ ಬೇಡ, ನಿಮ್ಮದೇ ಕಾಯಿಲೆ ಕಟ್ಟಿಕೊಳ್ಳಿ, ಹೇಗೆ ಮಾಡಿದಳು ಎಂದು ಮಾತ್ರ ಹೇಳಬೇಡಿ, ತಿದ್ದಬೇಡಿ ಎಂದರು. ಆವತ್ತಿನಿಂದ ಭಾನುವಾರ ಬಂತೆಂದರೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ನಾನೊಂದು ಕಾಯಿಲೆ ಬೀಳುತ್ತಿದ್ದೆ. ಅವಳು ಎದುರಿಗೆ ಕೂತು ಪಟಪಟನೆ ಕೇಳುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಟ್ಟು, ಕೊನೆಗೆ ನಾನು "ಸರಿ, ಮುಗೀತು" ಎನ್ನುತ್ತಿದ್ದೆ.

"ಹೇಗಿತ್ತು ಅತ್ತೆ?"

"ಇತ್ತು."

"ಇತ್ತು ಅಂದ್ರೆ?"

"ಇತ್ತು ಅಂದ್ರೆ ಇತ್ತು ಕಣೇ. ಹೋಗಿ ಒಲೆ ಮೇಲೆ ಹಾಲಿದೆ ನೋಡು."

ಹೀಗೆ ನಡೆಯುತ್ತಿರುವಾಗ ನನ್ನ ಬಲಗಣ್ಣು ಕೈಕೊಟ್ಟಿತು. ಪೇಪರ್ ಓದುತ್ತಿದ್ದರೆ ಪದದ ಆ ಕೊನೆ ಈ ಕೊನೆ ಕಾಣುತ್ತದೆ, ನಡುವಿನ ಅಕ್ಷರ ಇಲ್ಲ. ಕನ್ನಡಕ ಕೊಳೆಯಾಗಿದೆ ಅಂದುಕೊಂಡು ಒರೆಸಿದೆ. ಮತ್ತೆ ಇಲ್ಲ. ಎಡಗಣ್ಣು ಮುಚ್ಚಿ ಬಾಗಿಲು ನೋಡಿದರೆ, ನೆಟ್ಟಗಿರಬೇಕಾದ ಚೌಕಟ್ಟು ನಡುವೆ ಬಗ್ಗಿತ್ತು. ಯಾರಿಗೂ ಹೇಳಲಿಲ್ಲ. ಅವಳ ಪರೀಕ್ಷೆ ಮುಗಿಯಲಿ ಎಂದು ಸುಮ್ಮನಿದ್ದೆ. ಪೇಪರನ್ನು ಮಡಚಿದಂತೆಯೇ ಮೇಜಿನ ಮೇಲೆ ಬಿಡತೊಡಗಿದೆ.

ಬರವಣಿಗೆಯ ಪರೀಕ್ಷೆ ಎರಡನೇ ಸಲವೂ ಪಾಸಾಯಿತು. ಮುಂದಿನ ಭಾನುವಾರ ಅವಳು ಕುರ್ಚಿ ಎಳೆದುಕೊಂಡು ಕೂತಳು. "ಬನ್ನಿ ಪೇಷೆಂಟಮ್ಮ, ಏನು ತೊಂದರೆ?"

ಆವತ್ತು ನಾನು ಯಾವ ಕಾಯಿಲೆಯನ್ನೂ ಕಟ್ಟಿಕೊಂಡಿರಲಿಲ್ಲ. "ತಲೆನೋವು" ಎಂದೆ. ಕಣ್ಣು ಹಿಗ್ಗಿಸಿ ಕುಗ್ಗಿಸಿ ತಲೆ ನಿಜವಾಗಿಯೇ ನೋಯುತ್ತಿತ್ತು.

"ಯಾವಾಗಿಂದ? ಒಂದು ಕಡೆನಾ, ಎರಡೂ ಕಡೆನಾ? ವಾಂತಿ ಬರುತ್ತಾ? ಬೆಳಕು ನೋಡಿದ್ರೆ ಜಾಸ್ತಿಯಾಗುತ್ತಾ? ನಿದ್ದೆ ಸರಿಯಾಗಿ ಬರುತ್ತಾ?" ಎಂದಿನ ಓಟ. ನಾನು ಹೂಂ, ಊಹೂಂ ಎನ್ನುತ್ತಾ ಹೋದೆ. "ಹಾಗಾದ್ರೆ ಇದು ಅರೆತಲೆನೋವು" ಎಂದು ತೀರ್ಪು ಕೊಟ್ಟು, ನನ್ನ "ಮುಗೀತು" ಕೇಳಲು ಕಾದಳು.

ಆ ಮಾತು ನನ್ನ ಬಾಯಿಂದ ಬರಲಿಲ್ಲ. ನಾನು ಬಾಗಿಲನ್ನೇ ನೋಡುತ್ತಿದ್ದೆ.

"ಅಬ್ಬಾ, ಇವತ್ತು ಆ್ಯಕ್ಟಿಂಗ್ ಜೋರಾಗಿದೆ!" ಎಂದು ನಕ್ಕಳು. ನಕ್ಕು ಎದ್ದವಳು ಹಾಗೇ ನಿಂತಳು. ಮಡಚಿದ ಪೇಪರಿನ ಕಡೆ ಅವಳ ಕಣ್ಣು ಹೋಯಿತು, ಆಮೇಲೆ ನನ್ನ ಮಡಿಲಲ್ಲಿದ್ದ ಕನ್ನಡಕದ ಕಡೆ. ಇನ್ನೇನೋ ಕೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಮತ್ತೆ ಕೂತಳು. ನನ್ನ ಕನ್ನಡಕ ಎತ್ತಿಕೊಂಡು, ಅಂಗಡಿಯ ಚೀಲದಿಂದ ಬಟ್ಟೆ ತೆಗೆದು, ನನ್ನ ಮುಖ ನೋಡದೆ ನಿಧಾನವಾಗಿ ಒರೆಸತೊಡಗಿದಳು. ಮೊದಲು ಒಂದು ಗಾಜು. ಆಮೇಲೆ ಇನ್ನೊಂದು. ಆಮೇಲೆ ಮತ್ತೆ ಮೊದಲನೆಯದು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹಾಕುವ ಸದ್ದು ಕೇಳುತ್ತಿತ್ತು.

ನನ್ನ ಬಾಯಿ ತಾನಾಗಿ ತೆರೆಯಿತು.

"ಅಕ್ಷರಗಳು ನಡುವೆ ಮಾಯ ಆಗ್ತಿವೆ ಕಣೇ. ಬಾಗಿಲು ಬಗ್ಗಿದ ಹಾಗೆ ಕಾಣುತ್ತೆ. ಅಷ್ಟು ವಯಸ್ಸಾದ ಮೇಲೆ ಕಲಿತಿದ್ದು... ಇನ್ನು ಓದೋಕಾಗಲ್ವೇನೋ ಅಂತ ಹೆದರಿಕೆ."

ಆಗಲೂ ಅವಳು ಅವಸರ ಮಾಡಲಿಲ್ಲ. ಕನ್ನಡಕವನ್ನು ನನ್ನ ಕೈಗಿಟ್ಟು, ಆ ಕೈಯನ್ನು ಬಿಡದೆ ಕೇಳಿದಳು. "ಯಾವ ಕಣ್ಣು ಅತ್ತೆ?"

"ಬಲಗಣ್ಣು."

"ಇದೇನು ಅಂತ ನಂಗೆ ಗೊತ್ತಿಲ್ಲ. ಆದ್ರೆ ಕಾಯೋ ಅಂಥದ್ದಲ್ಲ. ನಾಳೆ ಬೆಳಿಗ್ಗೆನೇ ಕಣ್ಣಿನ ಡಾಕ್ಟರ ಹತ್ರ ಹೋಗ್ತಿದೀವಿ."

"ನಿನ್ನ ಓದು?"

"ನನ್ನ ಓದು ಎಲ್ಲೂ ಓಡಿಹೋಗಲ್ಲ. ನಿಮ್ಮದು ಓಡ್ತಿದೆ, ಅದನ್ನ ಮೊದಲು ಹಿಡಿಯೋಣ."

ಗೊತ್ತಿಲ್ಲ ಎಂಬ ಮಾತು ಅವಳ ಬಾಯಲ್ಲಿ ಕೇಳಿದ್ದು ನಾನು ಆವತ್ತೇ ಮೊದಲು.

ಕಣ್ಣಾಸ್ಪತ್ರೆಯಲ್ಲಿ, ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆಂದು ಕೇಳಿ ನಾನು ಕುರ್ಚಿ ಬಿಟ್ಟು ಎದ್ದಿದ್ದೆ. ಅವಳು ಹಿಡಿದು ಕೂರಿಸಿದಳು. ತಡಮಾಡದೆ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಬಾಗಿಲು ಇನ್ನೂ ಚೂರು ಬಗ್ಗಿಯೇ ಇದೆ. ಆದರೆ ಅಕ್ಷರಗಳು ಬಹಳ ಮಟ್ಟಿಗೆ ಮನೆಗೆ ಮರಳಿವೆ. ಮಗ ತಂದ ದೊಡ್ಡ ದೀಪದ ಕೆಳಗೆ ಪೇಪರ್ ಹಿಡಿದರೆ ಸಾವಿನ ಸುದ್ದಿಯಿಂದ ಹಿಡಿದು ಜಾಹೀರಾತಿನವರೆಗೆ ಒಂದನ್ನೂ ಬಿಡುವುದಿಲ್ಲ.

ಮೇಡಂ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. "ಒಳಗಿಟ್ಟುಕೊಂಡದ್ದನ್ನ ಅವಳ ಮುಂದೆ ಹೇಳಿಬಿಟ್ಟೆ ಮೇಡಂ. ಕೊಟ್ಟ ಮಾತು ತಪ್ಪಿದ ಹಾಗಾಯ್ತಾ?"

"ನಿಜವಾದ ಕಾಯಿಲೆಗೆ ನಮ್ಮ ನಿಯಮ ಅನ್ವಯಿಸಲ್ಲಮ್ಮ" ಎಂದು ನಕ್ಕರು. ಸಂದರ್ಶನದ ದಿನ ನಾನು ಪೇಷೆಂಟಾಗಿ ಕೂರುವಂತಿಲ್ಲ, ಸಂಬಂಧಿಕಳಲ್ಲವೇ ಎಂದೂ ಹೇಳಿದರು. ನನ್ನ ಜಾಗಕ್ಕೆ ಕಂಡಕ್ಟರನ್ನು ಹಾಕಿದರು. ಸೊಸೆಗೂ ಅವರಿಗೂ ಮುಖಪರಿಚಯವಿಲ್ಲ.

ಸಂದರ್ಶನದ ಬೆಳಿಗ್ಗೆ ಸೊಸೆ ಅಂಗಡಿಯ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಹೊರಟಳು, ಮಧ್ಯಾಹ್ನ ಅಲ್ಲಿಂದಲೇ ಕೆಲಸಕ್ಕೆ ಹೋಗಬೇಕಿತ್ತು. ಗೇಟಿನ ತನಕ ಜೊತೆಗೆ ಹೋದೆ. "ಏನಾದ್ರೂ ಹೇಳಿ ಅತ್ತೆ" ಎಂದಳು. "ಹೊಟ್ಟೆಗೆ ತಿಂದಿದೀಯಲ್ಲ, ಹೋಗು" ಎಂದೆ. ಅವಳು ಒಳಗೆ ಹೋದಳು. ನಾನು ಹಿಂಬದಿಯಿಂದ ಸುತ್ತಿಕೊಂಡು ಹೋಗಿ ನಮ್ಮ ಚಹಾ ಕೋಣೆಯಲ್ಲಿ ಕೂತೆ.

ಆ ಗೋಡೆ ಗಡಿಯಾರ ಅಷ್ಟು ಸೋಮಾರಿ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂದು ಲೋಟ ಚಹಾ ಆರಿತು. ಇನ್ನೊಂದೂ ಆರಿತು. ಕೊನೆಗೆ ಬಿಡುವಿನಲ್ಲಿ ಕಂಡಕ್ಟರು ಬಂದು ಎದುರಿಗೆ ಕೂತರು.

"ಏನು ಕಂಡಕ್ಟರೇ?"

"ಹೇಳೋ ಹಾಗಿಲ್ಲ."

"ನಾನೂ ಕೇಳೋ ಹಾಗಿಲ್ಲ ಬಿಡಿ."

ಅವರು ಲೋಟ ಎತ್ತಿದರು. ಅಭ್ಯಾಸಬಲದಿಂದ ಹೆಬ್ಬೆರಳನ್ನು ಕನ್ನಡಕದ ಹತ್ತಿರ ಒಯ್ದರು. ತಳ್ಳಲು ಏನೂ ಇರಲಿಲ್ಲ. ಕನ್ನಡಕ ಮೂಗಿನ ಮೇಲೆ ಇರಬೇಕಾದಲ್ಲೇ ಗಟ್ಟಿಯಾಗಿ ಕೂತಿತ್ತು. ಬೆರಳು ಗಾಳಿಯಲ್ಲೇ ನಿಂತಿತು. ಗಾಜಿನ ಮೇಲೆ ಒಂದು ಕಲೆಯಿಲ್ಲ, ಒಂದು ಬೆರಳಚ್ಚಿಲ್ಲ. ಅವರ ಎಡಗಣ್ಣಿನ ಕೆಳಗೊಂದು ಮಚ್ಚೆ ಇದೆ ಎಂಬುದು ಇಷ್ಟು ವರ್ಷಗಳಲ್ಲಿ ನನಗೆ ಆವತ್ತೇ ತಿಳಿಯಿತು.

ಕಂಡಕ್ಟರು ನನ್ನನ್ನೇ ದಿಟ್ಟಿಸಿದರು. "ಅಯ್ಯೋ, ನಿಮಗೆ ವಯಸ್ಸಾಗಿದೆಯಲ್ಲಮ್ಮ" ಎಂದರು.

ನಾನು ಲೋಟ ಕೆಳಗಿಡಲು ಹೋಗಿ ಅರ್ಧ ಚಹಾ ಮೇಜಿನ ಮೇಲೆ ಚೆಲ್ಲಿದೆ. ಅವರಿಗೆ ಅವಳು ಯಾರೆಂದು ಗೊತ್ತಿಲ್ಲ. ಅವರ ಒಳಗಿನ ವಿಷಯ ಏನಿತ್ತೆಂದು ನನಗೆ ಗೊತ್ತಿಲ್ಲ. ಆದರೆ ಅಷ್ಟು ಹೊತ್ತು ಕೂತು ಆ ಕೊಳೆ ಗಾಜನ್ನು ಒರೆಸಿ, ಸ್ಕ್ರೂ ತಿರುಗಿಸಿ ಕೊಟ್ಟವರ ಮುಂದೆ ಅದು ಒಳಗೇ ಉಳಿದಿರಲು ಸಾಧ್ಯವೇ ಇಲ್ಲ. ಅದನ್ನು ನನಗಿಂತ ಚೆನ್ನಾಗಿ ಯಾರು ಬಲ್ಲರು?

ಸೊಸೆ ಗೇಟಿನ ಹತ್ತಿರ ಕಾಯುತ್ತಿದ್ದಳು. ಹೋದ ಸಲದ ಹಾಗೆ ಹಾರಾಡುತ್ತಿರಲಿಲ್ಲ.

"ಏನೋ ಅತ್ತೆ, ಗೊತ್ತಾಗ್ತಿಲ್ಲ. ಈ ಸಲ ನಾನು ಹೆಚ್ಚಿಗೆ ಏನೂ ಕೇಳ್ಲೇ ಇಲ್ಲ. ಕಾಯಿಲೆ ಏನು ಅಂತಾನೂ ಹೇಳಲಿಲ್ಲ. ಹೆಚ್ಚು ಹೊತ್ತು ಅವರೇ ಮಾತಾಡಿದ್ರು. ತಪ್ಪು ಮಾಡಿದೆನೇನೋ."

"ಫಲಿತಾಂಶ ಬರಲಿ. ಈಗ ಬಾ, ಬಸ್ಸು ಬರುತ್ತೆ."

ನಿಲ್ದಾಣದ ಬೆಂಚಿನಲ್ಲಿ ಕೂತೆವು. ಎಷ್ಟು ಬಿಗಿಹಿಡಿದರೂ ನನ್ನ ತುಟಿ ಕೇಳುತ್ತಿರಲಿಲ್ಲ.

"ಯಾಕತ್ತೆ ನಗ್ತಿದೀರಿ?"

"ನಗ್ತಿಲ್ಲ ಕಣೇ, ಹೊಟ್ಟೆನೋವು."

ಅವಳು ನನ್ನ ಮುಖ ನೋಡಿದಳು. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಮೆಲ್ಲಗೆ ನನ್ನ ಕನ್ನಡಕ ತೆಗೆದುಕೊಂಡು, ಚೀಲದಿಂದ ಬಟ್ಟೆ ತೆಗೆದು, ಒರೆಸುತ್ತಾ ಸುಮ್ಮನೆ ಕೂತಳು.

ಬಸ್ಸು ಬರುವವರೆಗೂ ಒರೆಸಿದಳು. ಬಾಯಿಬಿಡದೆ ಕೂರಲು ನಾನು ಪಟ್ಟ ಪಾಡು ನನಗೇ ಗೊತ್ತು.