ಮೆರ್ಲ್ ಕೋಣೆಯ ಹೊಗೆಗೂಡು

ನೊಲೀನ್ ಹೊಗೆಗೂಡು ಗುಡಿಸುವ ಕೆಲಸ ಹಿಡಿದು ಇಪ್ಪತ್ತಾರು ವರ್ಷವಾಗಿತ್ತು. ಬಾತ್‌ವೆಲ್ ಊರಿನ ಸುತ್ತಿನ ಮರಳುಗಲ್ಲಿನ ಮನೆಗಳಲ್ಲಿ ಅವಳು ತಲೆ ತೂರಿಸದ, ಚಳಿ ಕಾಯಿಸುವ ಗೋಡೆಯೊಲೆ ಇರಲಿಲ್ಲ, ಲಿಂಡ್ಸೆ ಪೈಬಸ್ಸನ ಮುಂಗೋಣೆಯದೊಂದನ್ನು ಬಿಟ್ಟು. ಅದನ್ನು ಮೂವತ್ತು ವರ್ಷದಿಂದ ಯಾರೂ ಹೊತ್ತಿಸಿರಲಿಲ್ಲ.

ಈಗ ಹೊತ್ತಿಸಬೇಕಾಗಿ ಬಂದಿತ್ತು. ಲಿಂಡ್ಸೆಯ ಅಕ್ಕ ಮೆರ್ಲ್ ಸೊಂಟದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಅಂದು ಮಧ್ಯಾಹ್ನ ಹೋಬಾರ್ಟಿನ ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳು. ಮಹಡಿ ಹತ್ತುವಂತಿಲ್ಲವೆಂದು ಅವಳ ಮಂಚ ಮುಂಗೋಣೆಗೆ ಇಳಿದಿತ್ತು. ಮೇ ತಿಂಗಳು, ಆ ದಕ್ಷಿಣದ ನಾಡಿನಲ್ಲಿ ಚಳಿಗಾಲದ ಹೊಸ್ತಿಲು; ಹುಲ್ಲಿನ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ. ನೀನು ಬರುವ ಹೊತ್ತಿಗೆ ಬೆಂಕಿ ಉರಿಯುತ್ತಿರುತ್ತದೆ ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದ ಲಿಂಡ್ಸೆ, ಒಲೆಗೆ ಸೌದೆ ಜೋಡಿಸಿಟ್ಟು, ಕಡ್ಡಿಪೆಟ್ಟಿಗೆ ಹಿಡಿದೇ ಬಾಗಿಲು ತೆರೆದ.

"ಬೇಗ ನೋಡಿ ಹ್ಞೂಂ ಅಂದ್ಬಿಡು ತಾಯಿ. ಇನ್ನೊಂದ್ ಗಂಟೇಲಿ ಬಂದ್ಬಿಡ್ತಾಳೆ."

"ಮೊದ್ಲು ಈ ಸೌದೆ ಸರಿಸು. ಗುಡಿಸೋಳು ಬರೋಕ್ಕೆ ಮುಂಚೆ ಒಲೆ ತುಂಬಿಸೋ ಗಂಡಸನ್ನ ನಿನ್ನೊಬ್ಬನ್ನೇ ಕಂಡಿದ್ದು!"

ಮಂಚದ ಮೂಲೆಗಳಿಗೆ ಅವನು ಹಳೆಯ ಸ್ವೆಟರಿನ ತುಂಡುಗಳನ್ನು ಸುತ್ತಿದ್ದ, ಅಕ್ಕನ ಸೊಂಟಕ್ಕೆ ತಗುಲದಿರಲೆಂದು. ನೊಲೀನ್ ಅದನ್ನು ನೋಡಿದಳು. ಮುಂದಿನ ಸೌದೆಗಳನ್ನು ಬದಿಗೆ ಸರಿಸಿ ಒಲೆಯೊಳಗೆ ಕನ್ನಡಿ ಓರೆಯಾಗಿ ಹಿಡಿದಳು. ಕಾಣಬೇಕಾದದ್ದು ತಟ್ಟೆಯಷ್ಟು ಆಕಾಶ.

ಕಂಡದ್ದು ಬಂಗಾರ. ಕತ್ತಲಿನಲ್ಲಿ ಪದರ ಪದರವಾಗಿ, ಆಳೆತ್ತರಕ್ಕೂ ಮಿಗಿಲಾಗಿ ಮೇಣದ ತಟ್ಟಿಗಳು ಇಳಿಬಿದ್ದಿದ್ದವು. ಮೇಲಿನ ಬೆಳಕು ಅವುಗಳ ಅಂಚಿನಿಂದ ಸೋಸಿ, ದೀಪಕ್ಕೆ ಅಡ್ಡ ಹಿಡಿದ ಅಂಗೈಯಂತೆ ಕೆಂಪಾಗಿ ಬರುತ್ತಿತ್ತು. ಉಸಿರು ಬಿಗಿಹಿಡಿದಾಗ ಕೇಳಿಸಿತು: ಇಡೀ ಗೋಡೆ ಸಣ್ಣಗೆ ಗುಂಯ್‌ಗುಡುತ್ತಿತ್ತು.

"ಲಿಂಡ್ಸೆ," ಅವಳ ದನಿ ತಾನಾಗಿಯೇ ತಗ್ಗಿತ್ತು. "ಜೇನು."

"ಜೇನಾ? ಅಷ್ಟೇನಾ! ಹೊತ್ತಿಸಿದ್ರೆ ಹೊಗೆಗೆ ತಾವೇ ಜಾಗ ಬಿಡ್ತಾವೆ. ನಮ್ಮಪ್ಪ ಹಂಗೇ ಓಡಿಸ್ತಿದ್ದ."

"ನಿಮ್ಮಪ್ಪ ಓಡಿಸಿದ್ದು ಮರದ ಪೊಟರೆಯಿಂದ. ಇಲ್ಲಿ ಮೇಣ ಕರಗಿ ಬೆಂಕಿ ಮೇಲೇ ಸುರಿಯುತ್ತೆ. ಬೆಂಕಿ ಅದನ್ನೇ ಹಿಡ್ಕೊಂಡು ಸೂರಿಗೆ ಹತ್ತುತ್ತೆ." ಅವಳು ಮಂಚದತ್ತ ನೋಡಿದಳು. "ಆಗ ಮೆರ್ಲ್ ಎದ್ದು ಓಡೋಕಾಗುತ್ತಾ?"

"ಮಾತು ಕೊಟ್ಟಿದ್ದೀನಿ ಕಣೆ."

ಅವನ ಮಂಡಿನೋವು ಊರಿಗೇ ಗೊತ್ತು. ನೊಲೀನ್ ತನ್ನ ಕೋಟು ಮಡಚಿ ನೆಲಕ್ಕೆ ಹಾಕಿ, ಕೈಹಿಡಿದು ಅವನನ್ನು ಅದರ ಮೇಲೆ ಮಂಡಿಯೂರಿಸಿ ಕನ್ನಡಿ ಕೊಟ್ಟಳು.

ಲಿಂಡ್ಸೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಲೆಯ ಮೇಲಿನ ಟೋಪಿ ತೆಗೆದ.

"ನಾನೂ ಅಕ್ಕನೂ ಪಕ್ಕದ ಅಡುಗೆಮನೇಲಿ ಜಗಳಾಡ್ತಿದ್ದಾಗೆಲ್ಲ ಇವು ಇಲ್ಲೇ ಇದ್ವಾ?"

"ಎಷ್ಟೋ ವರ್ಷದಿಂದ ಇದ್ದ ಹಾಗಿದೆ. ಒಂದಿಪ್ಪತ್ತು ಸಾವಿರ ಇರಬಹುದು."

ಅವನು ಸೌದೆಗಳನ್ನು ಒಂದೊಂದಾಗಿ ಹೊರತೆಗೆದ, ತೊಟ್ಟಿಲ ಪಕ್ಕದಲ್ಲಿ ಕೆಲಸ ಮಾಡುವವರ ಹಾಗೆ, ಸದ್ದಾಗದಂತೆ. ನೊಲೀನ್ ಒಲೆಯ ಬಾಯಿಗೆ ಹಲಗೆ ಬಿಗಿದು ಕೆಂಪು ಚೀಟಿ ಅಂಟಿಸಿದಳು: ವಸಂತದಲ್ಲಿ ಜೇನು ಸಾಕುವವರು ಬಂದು ಗೂಡು ಸಾಗಿಸುವ ತನಕ ಹೊತ್ತಿಸಬಾರದು. ವ್ಯಾನಿನಲ್ಲಿದ್ದ ತನ್ನ ಹೀಟರನ್ನು ತಂದು ಕೋಣೆಯಲ್ಲಿಟ್ಟಳು.

ಮೆರ್ಲ್ ನೆರೆಮನೆಯವರ ಕಾರಿನಿಂದ ಇಳಿದು, ವಾಕರ್ ಊರುತ್ತ ಒಳಬಂದಳು.

"ಎಲ್ಲೋ ನನ್ನ ಬೆಂಕಿ? ದಾರಿಯುದ್ದಕ್ಕೂ ಅದನ್ನೇ ನೆನೆಸ್ಕೊಂಡು ಬಂದೆ, ಸುಳ್ಳ!"

"ಬೆಂಕಿ ಇಲ್ಲ ಕಣಕ್ಕ. ತಪ್ಪಾಯ್ತು. ಬೈಯೋಕ್ಕೆ ಮುಂಚೆ ಇಲ್ಲಿ ಒಂದ್ಸಲ ಕಿವಿ ಇಡು."

ಗೊಣಗುತ್ತಲೇ ಅವಳು ಒಲೆಯ ಮೇಲಿನ ಗೋಡೆಗೆ ಕೆನ್ನೆಯೊತ್ತಿದಳು. ಗೊಣಗಾಟ ನಿಂತಿತು. ಆಸ್ಪತ್ರೆಯಲ್ಲಿ ಬಾಡಿಹೋಗಿದ್ದ ಆ ಮುಖ ಮೆಲ್ಲಗೆ ಬಿಚ್ಚಿಕೊಳ್ಳುವುದನ್ನು ನೊಲೀನ್ ನೋಡುತ್ತ ನಿಂತಳು.

"ಲಿಂಡ್ಸೆ," ಕಣ್ಣು ತೆರೆಯದೆಯೇ ಮೆರ್ಲ್ ಅಂದಳು, "ಮಂಚದ ತಲೆ ಈ ಕಡೆ ತಿರುಗಿಸೋ."

ನೊಲೀನ್ ಬ್ರಷ್ಷುಗಳನ್ನು ಕೆಳಗಿಟ್ಟು ಮಂಚದ ಇನ್ನೊಂದು ತುದಿ ಹಿಡಿದಳು.