ಚಾಕು ಒಪ್ಪಿಸಿದ ಮರುದಿನ

೧

ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಲಿ ಎಂದು ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಕಾನೂನಿನಿಂದ ಶುರು ಮಾಡಿದರೆ ನೀವು ಎದ್ದು ಹೋಗುತ್ತೀರಿ. ಪ್ರೀತಿಯಿಂದ ಶುರು ಮಾಡಿದರೆ ಕಥೆಯಲ್ಲಿರುವ ಇಬ್ಬರೂ ಎದ್ದು ಹೋಗುತ್ತಾರೆ. ಕೊನೆಗೆ ಹೀಗೆ ಬರೆದೆ:

‘ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಸಾರ್ಜೆಂಟ್ ವರ್ನಾ ಹೌಗನ್ ಅಪರಾಧಿಯಾಗಲಿದ್ದಳು.’

ನನಗಂತೂ ಬಹಳ ಹಿಡಿಸಿತು. ಶಾಯಿ ಆರುವ ಮುಂಚೆಯೇ (ಲ್ಯಾಪ್‌ಟಾಪಿನಲ್ಲಿ ಶಾಯಿ ಎಲ್ಲಿಂದ ಬಂತು ಎಂದು ಕೇಳಬೇಡಿ) ವರ್ನಾ ವಾಕ್ಯದೊಳಗಿಂದ ತಲೆಯೆತ್ತಿದಳು.

“ನೋಡಮ್ಮ, ಮೂವತ್ತೊಂದು ವರ್ಷ ಸರ್ವೀಸು ನಂದು. ನನ್ನ ಹೆಸರಲ್ಲಿ ಒಂದು ಪಾರ್ಕಿಂಗ್ ಚೀಟಿ ಕೂಡ ಇಲ್ಲ. ಚಾಕು ಇಲಾಖೇದು. ಎರಡೂ ಮುಕ್ಕಾಲಿಗೇ ಒಪ್ಪಿಸಿಬಿಡ್ತೀನಿ. ಮೂರಕ್ಕೆ ನಾನು ಹ್ಯಾಗೆ ಅಪರಾಧಿ ಆಗ್ತೀನಿ?”

ಹೊಡೆದುಹಾಕಿದೆ. ನಿವೃತ್ತಿಗೆ ನಾಲ್ಕು ದಿನ ಉಳಿದಿರುವ ಪೊಲೀಸರ ಜೊತೆ ವಾದ ಮಾಡುವಷ್ಟು ಧೈರ್ಯ ನನಗಿಲ್ಲ.

೨

ಸರಿ, ಕಾನೂನನ್ನು ಒಂದೇ ಗುಟುಕಿಗೆ ಕುಡಿಸಿಬಿಡುತ್ತೇನೆ. ಗುಂಡಿ ಒತ್ತಿದೊಡನೆ ಅಲಗು ಚಕ್ಕನೆ ಹೊರಗೆ ಬರುವ ಬಟನ್ ಚಾಕನ್ನು, ನಾವು ಬಂದು ನೆಲೆಸಿದ ಈ ಪರದೇಶದ ರಾಜ್ಯದಲ್ಲಿ ಯಾರೂ ಇಟ್ಟುಕೊಳ್ಳುವಂತಿಲ್ಲ. ಡ್ಯೂಟಿಯಲ್ಲಿರುವ ಪೊಲೀಸರಿಗೆ ವಿನಾಯಿತಿ. ಅಪಘಾತವಾದ ಕಾರಿನಲ್ಲಿ ಒಂದು ಕೈಯಿಂದ ಮನುಷ್ಯನನ್ನು ಹಿಡಿದು ಇನ್ನೊಂದು ಕೈಯಿಂದ ಸೀಟ್ ಬೆಲ್ಟ್ ಕತ್ತರಿಸಬೇಕಾಗುತ್ತದಲ್ಲ, ಅದಕ್ಕೆ. ಡ್ಯೂಟಿ ಮುಗಿದರೆ ವಿನಾಯಿತಿಯೂ ಮುಗಿಯಿತು. ದೇಶದ ಕಾನೂನಿನಲ್ಲಿ ಒಂದೇ ಕೈ ಇರುವವರಿಗೂ ಸಣ್ಣ ಅಲಗಿನದಕ್ಕೆ ವಿನಾಯಿತಿ ಇದೆಯಂತೆ. ನಮ್ಮ ರಾಜ್ಯದ ಕಾನೂನು ಬರೆದವರಿಗೆಲ್ಲ ಎರಡೆರಡು ಕೈ ಇದ್ದವೇನೋ, ಅವರಿಗದು ಹೊಳೆಯಲಿಲ್ಲ.

ಎಮೆಟ್ ಲಾಹ್ಟಿಗೆ ಒಂದೇ ಕೈ. ಎಡಗೈಯನ್ನು ಆಯ್ಸ್ಟರ್ ಎಂಬ ಚಿಪ್ಪುಮೀನು ತರುವ ದೋಣಿಯ ರಾಟೆ ನುಂಗಿತ್ತು. ಆಮೇಲೂ ಅವನು ನಮ್ಮ ಹೆರನ್ ಸ್ಲೂ ಕೊಲ್ಲಿಯಲ್ಲಿ ಆಯ್ಸ್ಟರ್ ಬೆಳೆಯುವುದನ್ನು ಬಿಡಲಿಲ್ಲ. ಒಂಬತ್ತು ವರ್ಷದ ಹಿಂದೆ ದೋಣಿಕಟ್ಟೆಯ ಮೇಲೆ ಕೂತು, ಬಟನ್ ಚಾಕಿನಿಂದ ಚಿಪ್ಪಿನ ಚೀಲಗಳ ಹುರಿ ಕತ್ತರಿಸುತ್ತಿದ್ದ. ಬೇಸಿಗೆ ಕಳೆಯಲು ಬಂದ ಯಾರೋ ನೋಡಿ, ಹೆದರಿ, ಪೊಲೀಸರಿಗೆ ಫೋನ್ ಮಾಡಿದರು. ಬಂದವಳು ವರ್ನಾ.

“ಇದನ್ನ ನಾನು ತಗೋಬೇಕಾಗತ್ತೆ, ಎಮೆಟ್.”

“ನಿಮ್ಮ ಸೊಂಟದಲ್ಲೂ ಅಂಥದ್ದೇ ಇದೆಯಲ್ಲ, ಸಾರ್ಜೆಂಟ್.”

“ನಾನು ಡ್ಯೂಟೀಲಿದೀನಿ.”

“ಎರಡು ಕೈ ಇರೋರಿಗೆ ಬಟನ್ ಬೇಕು, ಒಂದು ಕೈ ಇರೋನಿಗೆ ಬೇಡ. ಭಲೇ ಚೆನ್ನಾಗಿದೆ ಕಾನೂನು.”

ವರ್ನಾ ಕೇಸು ಹಾಕಲಿಲ್ಲ. ಚಾಕು ಮಾತ್ರ ತೆಗೆದುಕೊಂಡಳು. ಹೊರಟವಳು ತಿರುಗಿ ಬಂದು, ನೆಲ ನೋಡುತ್ತ, “ಕತ್ತರಿಸೋದು ಏನಿದ್ರೂ ನನ್ನ ಕರೀರಿ. ನನ್ನ ಹತ್ರ ಇದೆ” ಎಂದಳು. ಅಂದು ಅವಳಿಗೆ ಎಷ್ಟು ನಾಚಿಕೆಯಾಯಿತೆಂದರೆ ಊಟ ಸೇರಲಿಲ್ಲ.

(ಇಂಗ್ಲಿಷಿನಲ್ಲಿ ಇವರಿಬ್ಬರಿಗೂ ಇರುವುದು ಒಂದೇ ‘ಯೂ’. ಅದು ‘ನೀವು’ ಆಗಬೇಕೋ ‘ನೀನು’ ಆಗಬೇಕೋ ನನಗೆ ಬಿಟ್ಟಿದ್ದು. ಸದ್ಯಕ್ಕೆ ‘ನೀವು’ ಇರಲಿ. ಹಿಡಿಸದಿದ್ದರೆ ಅವರೇ ತಿದ್ದಿಕೊಳ್ಳಲಿ.)

೨, ಮತ್ತೊಮ್ಮೆ

ಮರುದಿನ ಬೆಳಿಗ್ಗೆ ಎಮೆಟ್ ನಿಜವಾಗಿಯೂ ಕರೆದ. ಕಾಫಿ ಪುಡಿಯ ಪ್ಯಾಕೆಟ್ ತೆರೆಯಲಾಗುತ್ತಿಲ್ಲವಂತೆ. ವರ್ನಾ ಗಸ್ತಿನ ದಾರಿಯಲ್ಲಿ ಹೋದಳು, ಗುಂಡಿ ಒತ್ತಿದಳು, ಕತ್ತರಿಸಿದಳು. ಅಂದಿನಿಂದ ದಿನಾ ಏಳೂ ನಲವತ್ತಕ್ಕೆ. ಬ್ರೆಡ್ಡಿನ ಪೊಟ್ಟಣ, ಔಷಧದ ಡಬ್ಬಿಗೆ ಸುತ್ತಿದ ಪ್ಲಾಸ್ಟಿಕ್ಕು, ಅಂಚೆಯಲ್ಲಿ ಬಂದ ಪಾರ್ಸಲ್ಲು. ಕತ್ತರಿಸುವುದು ಅರ್ಧ ನಿಮಿಷ, ಕಾಫಿ ಹತ್ತು ನಿಮಿಷ. ಡ್ಯೂಟಿಯಲ್ಲಿರುವಾಗ ಕೂರಬಾರದೆಂದು ಅವಳದೇ ಒಂದು ನೇಮ, ಹಾಗಾಗಿ ಒಂಬತ್ತು ವರ್ಷವೂ ಕಾಫಿಯನ್ನು ನಿಂತೇ ಕುಡಿದಳು. ಗಸ್ತಿನ ಪುಸ್ತಕದಲ್ಲಿ ಪ್ರತಿದಿನ ಎರಡೇ ಪದ ಬರೆದಳು: ಕ್ಷೇಮ ವಿಚಾರಣೆ.

ಯಾರ ಕ್ಷೇಮ ಎಂದು ಬರೆದಿಲ್ಲ. ನಾನೂ ಬರೆಯುವುದಿಲ್ಲ.

ಈಗ ನಿಮಗೆ ಕಷ್ಟ ಏನೆಂದು ಗೊತ್ತಾಯಿತು. ಶುಕ್ರವಾರ ಚಾಕು ಹೋಗುತ್ತದೆ. ಚಾಕು ಹೋದರೆ ಶನಿವಾರ ಏಳೂ ನಲವತ್ತಕ್ಕೆ ಅವಳು ಏನೆಂದು ಹೇಳಿಕೊಂಡು ಆ ಬಾಗಿಲು ತಟ್ಟಬೇಕು? ಅವಳಿಗೆ ಗೊತ್ತಿಲ್ಲ, ಅದಕ್ಕೇ ಈ ವಾರವೆಲ್ಲ ಅನ್ನ ರುಚಿಸುತ್ತಿಲ್ಲ (ಅವಳು ತಿನ್ನುವುದು ಆಲೂಗಡ್ಡೆ. ಬಿಡಿ).

೪

(ಮೂರನೆಯದನ್ನು ಹರಿದು ಹಾಕಿದೆ. ಅದರಲ್ಲಿ ಮಳೆ ಬರುತ್ತಿತ್ತು.)

ಇಲ್ಲಿಯವರೆಗೆ ಬರೆದು ನಮ್ಮವರಿಗೆ ಓದಿಸಿದೆ. ನಮ್ಮವರು ಇದೇ ಊರಿನ ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತು ವರ್ಷದಿಂದ ನಿಂತಿರುವವರು. ಸಾಹಿತ್ಯ ಎಂದರೆ ಅಷ್ಟಕ್ಕಷ್ಟೆ. ಓದಿ, ಕನ್ನಡಕ ತೆಗೆದರು.

“ಲೇ, ನಿನ್ನ ಕಥೇಲಿ ತೂತಿದೆ.”

“ಎಲ್ಲಿ?”

“ಹೆಬ್ಬೆರಳಲ್ಲಿ ತಳ್ಳಿ ತೆಗೆಯೋ ಮಡಚು ಚಾಕು ಬರತ್ತಲ್ಲೇ. ಒಂದೇ ಕೈ ಸಾಕು, ಬಟನ್ನು ಸ್ಪ್ರಿಂಗು ಏನೂ ಇಲ್ಲ. ಯಾರು ಬೇಕಾದ್ರೂ ಇಟ್ಕೋಬಹುದು. ನಾನೇ ದಿನಾ ಮಾರ್ತೀನಿ. ಪೊಲೀಸಮ್ಮ ಯಾಕೆ ಬರಬೇಕು ಕಾಫಿ ಪೊಟ್ಟಣ ಕತ್ತರಿಸೋಕೆ?”

ಒಂಬತ್ತು ವರ್ಷದ ಕಥೆ ಒಂದು ಹೆಬ್ಬೆರಳಿಗೆ ಬಿದ್ದುಹೋಯಿತು. ಅಷ್ಟು ಸಾಲದೆಂದು ಒಗ್ಗರಣೆ ಬೇರೆ ಹಾಕಿದರು: “ಎಮೆಟ್‌ಗೂ ಒಂದು ಕೊಟ್ಟಿದ್ದೆ ಕಣೆ. ಅವನ ಚಾಕು ಹೋಯ್ತಲ್ಲ, ಅದೇ ವಾರ.”

೫

ಸಿಟ್ಟಿನಲ್ಲೇ ಎಮೆಟ್‌ನ ಅಡುಗೆಮನೆಗೆ ಹೋದೆ. (ಲೇಖಕಿ, ಬಾಗಿಲು ತಟ್ಟಬೇಕಾಗಿಲ್ಲ.)

“ಆ ಚಾಕು ಎಲ್ಲಿ?”

“ಡ್ರಾದಲ್ಲಿ. ಒರೆಸೋ ಬಟ್ಟೆ ಕೆಳಗೆ.”

“ಹಾಗಿದ್ರೆ ಒಂಬತ್ತು ವರ್ಷ ಏನು ನಾಟಕ ಇದು? ನನ್ನ ಕಥೆ ಗತಿ ಏನು?”

ಅವನು ಸಿಂಕಿನ ಕಡೆ ತಿರುಗಿದ. “ದಿನಾ ಬೆಳಿಗ್ಗೆ ಎಲ್ಲಾ ನಾನೇ ಕತ್ತರಿಸ್ಕೋತೀನಮ್ಮ. ಒಂದನ್ನ ಮಾತ್ರ ಬಿಟ್ಟಿರ್ತೀನಿ.”

ನಾನು ಹೊರಗೆ ಬಂದೆ. ವರ್ನಾ ಗಸ್ತಿನ ಕಾರಿಗೆ ಒರಗಿ ನಿಂತಿದ್ದಳು. ಅವಳಿಗೆ ಹೇಳಬೇಕೋ ಬೇಡವೋ ಎಂದು ತಡವರಿಸುತ್ತಿರುವಾಗ ಅವಳೇ ಅಂದಳು:

“ಡ್ರಾದಲ್ಲಿರೋದು ತಾನೆ? ಎರಡನೇ ತಿಂಗಳಲ್ಲೇ ಸಿಕ್ಕಿತ್ತು, ಚಮಚ ಹುಡುಕುವಾಗ. ಮತ್ತೆ ಬಟ್ಟೆ ಮುಚ್ಚಿಟ್ಟೆ.” ಆಮೇಲೆ ಪೊಲೀಸ್ ದನಿಯಲ್ಲಿ, “ಇದು ನಿಮ್ಮ ಕಥೇಲಿ ಬರಕೂಡದು.”

ಬಂದುಬಿಟ್ಟಿದೆ, ವರ್ನಾ. ಕ್ಷಮಿಸು.

೬

ಶುಕ್ರವಾರ. ಎರಡೂ ಮುಕ್ಕಾಲಿಗೆ ಅವಳು ಚಾಕನ್ನು ಕಾಗದದ ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ಸಹಿ ಮಾಡಿ ಒಪ್ಪಿಸಿದಳು. ಮೂರಕ್ಕೆ, ನಿವೃತ್ತಿಯಾಗುವ ಎಲ್ಲರಿಗೂ ಮಾಡುವಂತೆ, ರೇಡಿಯೋದಲ್ಲಿ ಕೊನೆಯ ಕರೆ ಬಂತು. ವೈರ್‌ಲೆಸ್ ಕೋಣೆಯ ಹೆಂಗಸು ಅವಳ ನಂಬರ್ ಕೂಗಿ, ಮೂವತ್ತೊಂದು ವರ್ಷ ಎಂದು ಹೇಳಿ, ಇನ್ನು ಇಲ್ಲಿಂದ ಮುಂದೆ ನಾವು ನೋಡಿಕೊಳ್ಳುತ್ತೇವೆ ಅಂದಳು. ಜಿಲ್ಲೆಯ ಪೊಲೀಸ್ ಕಾರುಗಳೆಲ್ಲ ಕೇಳಿಸಿಕೊಂಡವು. ವರ್ನಾ “ಸರಿ” ಎಂದು ಮಾತ್ರ ಹೇಳಬೇಕಿತ್ತು. ಎರಡು ಸಲ ಮೈಕಿನ ಬಟನ್ ಒತ್ತಿದಳು, ಎರಡು ಸಲವೂ ಬಿಟ್ಟುಬಿಟ್ಟಳು.

ಇನ್ನು ಮುಕ್ತಾಯ. ನನ್ನ ಹತ್ತಿರ ಮೂರಿದ್ದವು.

ಒಂದು: ಲಕೋಟೆ ಖಾಲಿ, ಚಾಕು ಅವಳ ಜೇಬಿನಲ್ಲಿ. ವರ್ನಾ ಕಡ್ಡಿ ಮುರಿದಂತೆ ಒಲ್ಲೆ ಅಂದಳು.

ಎರಡು: ಎಮೆಟ್ ಡ್ರಾ ತೆರೆದು ಎಲ್ಲ ಒಪ್ಪಿಕೊಳ್ಳುತ್ತಾನೆ. “ಬೇಡ,” ಅಂದ ಅವನು. “ಬಾಯಿಬಿಟ್ಟು ಹೇಳಿದ್ರೆ ಇಷ್ಟು ವರ್ಷ ಇಬ್ರೂ ಸುಳ್ಳು ಹೇಳಿದ ಹಾಗಾಗತ್ತೆ. ನಾವು ಸುಳ್ಳು ಹೇಳಿಲ್ಲ.”

ಮೂರು: ಮದುವೆ. ಇದು ನಮ್ಮವರ ಸಲಹೆ. ಇದರ ಬಗ್ಗೆ ಯಾರೂ ಮಾತೇ ಆಡಲಿಲ್ಲ.

೭

ಶನಿವಾರ, ಏಳೂ ನಲವತ್ತು. ಇದನ್ನು ನಾನು ಬರೆಯುತ್ತಿಲ್ಲ, ಸುಮ್ಮನೆ ನೋಡುತ್ತಿದ್ದೇನೆ.

ವರ್ನಾ ನೀಲಿ ಸ್ವೆಟರ್ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದಾಳೆ. ಸೊಂಟದಲ್ಲಿ ಬೆಲ್ಟ್ ಇಲ್ಲದ್ದರಿಂದ ಕೈಗಳನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ತಟ್ಟುವ ಮೊದಲೇ ಬಾಗಿಲು ತೆರೆಯಿತು.

“ನನ್ನ ಹತ್ರ ಚಾಕಿಲ್ಲ, ಎಮೆಟ್.”

“ಗೊತ್ತು. ಒಳಗೆ ಬಾ.”

(ಈ ‘ಬಾ’ ನನ್ನ ಕೈತಪ್ಪಲ್ಲ.)

ಮೇಜಿನ ಮೇಲೆ ಕಾಫಿ ಪೊಟ್ಟಣ. ಅದರ ಸುತ್ತ ಚಿಪ್ಪಿನ ಚೀಲಕ್ಕೆ ಕಟ್ಟುವ ಒರಟು ಹುರಿ, ಮೇಲೆ ಕೆಳಗೆ ಅಡ್ಡ ಉದ್ದ ಗಂಟುಗಳು. ವರ್ನಾ ಎಣಿಸಿದಳು: ಏಳು. ಒಂದು ಕೈಯಲ್ಲಿ ಹುರಿ ಹಿಡಿದು ಹಲ್ಲಿನಿಂದ ಎಳೆದು ಕಟ್ಟಿದ ಗಂಟುಗಳು. ಅವನ ತುಟಿಯ ಅಂಚು ಕೆಂಪಗಾಗಿತ್ತು.

“ಇದೇನಿದು?”

“ಕತ್ತರಿಸಿದ್ರೆ ಅರ್ಧ ನಿಮಿಷ,” ಅಂದ ಎಮೆಟ್. “ಬಿಚ್ಚೋಕೆ ಕೂತರೆ ಹೊತ್ತು ಹಿಡಿಯತ್ತೆ.”

ವರ್ನಾ ಆ ಮನೆಯಲ್ಲಿ ಮೊದಲ ಬಾರಿಗೆ ಕುರ್ಚಿ ಎಳೆದುಕೊಂಡು ಕೂತಳು. ಅವನು ಎದುರಿಗೆ ಕೂತು ಹುರಿಯ ಒಂದು ತುದಿ ಹಿಡಿದುಕೊಂಡ. ಮೂರು ಕೈ, ಒಂದು ಗಂಟು.

ನಮ್ಮವರು ಅಂಗಡಿಗೆ ಹೊರಡುತ್ತ ನನ್ನ ಹೆಗಲ ಮೇಲಿಂದ ಇಣುಕಿದರು. “ಮುಗೀತೇನೇ?”

“ಎಲ್ಲಿ ಮುಗಿಯತ್ತೆ. ಇನ್ನೂ ಎರಡನೇ ಗಂಟಿನಲ್ಲಿದಾರೆ.”